ಮುಟ್ಟು ನಿಂತ ಸ್ತ್ರೀಯರ ಮೂಳೆಗಳೂ ವ್ಯಾಯಾಮವೂ

ನಮ್ಮ ಕೋಲಾರ ಸೀಮೆಯ ಸ್ತ್ರೀಯರಿಗೆ ದುಡಿಮೆ ಹೊಸದಲ್ಲ. ಹಿಪ್ಪುನೇರಳೆ ಸೊಪ್ಪಿನ ಹೊರೆ, ಹಸುವಿನ ಮೇವು, ನೀರಿನ ಕೊಡ ಇವೆಲ್ಲವನ್ನೂ ಹೊತ್ತವರು ಅವರೇ. ಆದರೆ ವಯಸ್ಸು ಐವತ್ತು ದಾಟಿದೊಡನೆ, "ಮೂಳೆ ಸವೆದಿದೆ, ಇನ್ನು ಕುಳಿತಿರಲಿ" ಎನ್ನುವುದು ವಾಡಿಕೆ. ದಂಪತಿಗಳಾದ ನೀವು ಈ ಮಾತನ್ನು ಸ್ವಲ್ಪ ವಿಚಾರ ಮಾಡಿ ನೋಡಬೇಕು.

ಮೂಳೆಯು ಕಲ್ಲಿನಂತೆ ಜಡವಸ್ತುವಲ್ಲ. ಹಳೆಯ ಭಾಗ ಕರಗುತ್ತ, ಹೊಸ ಭಾಗ ಕಟ್ಟಿಕೊಳ್ಳುತ್ತ ಇರುವ ಸಜೀವ ಅಂಗ ಅದು. ಭಾರ ಬಿದ್ದಲ್ಲಿ ಗಟ್ಟಿಯಾಗುತ್ತದೆ, ಭಾರವಿಲ್ಲದಲ್ಲಿ ತೆಳುವಾಗುತ್ತದೆ. ಮುಟ್ಟು ನಿಂತ ಮೇಲೆ ಅಂಡಾಶಯಗಳಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನಿನ ಉತ್ಪತ್ತಿ ಕುಗ್ಗುವುದರಿಂದ ಮೊದಲ ಕೆಲವು ವರ್ಷಗಳಲ್ಲಿ ಮೂಳೆಯ ಸವೆತ ಹೆಚ್ಚು. ಆ ಕಾಲದಲ್ಲಿಯೇ ದುಡಿಮೆಯನ್ನೂ ಬಿಟ್ಟರೆ ನಷ್ಟ ಮತ್ತಷ್ಟು ಹೆಚ್ಚುತ್ತದೆ.

ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಮೂಳೆ ಸವೆಯುತ್ತದೆಂಬ ಭಾವನೆ ತಪ್ಪು. ಅದರಲ್ಲಿ ಅಂಡನಾಳಗಳನ್ನು ಮಾತ್ರ ಮುಚ್ಚಲಾಗುತ್ತದೆ. ಅಂಡಾಶಯಗಳು ಎಂದಿನಂತೆ ಕೆಲಸ ಮಾಡುತ್ತವೆ. ಆದರೆ ಗರ್ಭಕೋಶದೊಡನೆ ಎರಡೂ ಅಂಡಾಶಯಗಳನ್ನು ತೆಗೆಸಿಕೊಂಡವರಲ್ಲಿ ಸವೆತವು ಬೇಗ ಆರಂಭವಾಗುತ್ತದೆ. ಅಂಥವರು ವೈದ್ಯರ ಸಲಹೆ ಪಡೆಯಬೇಕು.

ಕಠಿಣ ವ್ಯಾಯಾಮದಿಂದ ಮೂಳೆ ಮುರಿಯದೆ? ಎಂದು ನೀವು ಕೇಳಬಹುದು. ಆಸ್ಟ್ರೇಲಿಯಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೂಳೆ ತೆಳುವಾಗಿದ್ದ 101 ಮಂದಿ ಸ್ತ್ರೀಯರು ಭಾಗವಹಿಸಿದ್ದರು. ವಾರಕ್ಕೆರಡು ಬಾರಿ ಅರ್ಧ ಗಂಟೆಯಂತೆ ಎಂಟು ತಿಂಗಳು ಭಾರ ಎತ್ತಿದ ಗುಂಪಿನವರ ಬೆನ್ನುಮೂಳೆಯ ಸಾಂದ್ರತೆ ಸುಮಾರು ಶೇಕಡಾ 3ರಷ್ಟು ಹೆಚ್ಚಿತು. ಹಗುರ ವ್ಯಾಯಾಮ ಮಾಡಿದವರಲ್ಲಿ ಅದು ಕುಗ್ಗಿತು. ಆದರೆ ಭಾರ ಎತ್ತಿದವರು ತರಬೇತುದಾರರ ಎದುರಿನಲ್ಲಿ ಭಾರವನ್ನು ಕ್ರಮೇಣ ಏರಿಸಿಕೊಂಡವರೆಂಬುದನ್ನು ಮರೆಯಬಾರದು.

ಮನೆಯಲ್ಲಿ ಹೀಗೆ ಆರಂಭಿಸಿರಿ. ಬಿರುಸಾಗಿ ನಡೆಯಿರಿ. ಮೆಟ್ಟಿಲು ಹತ್ತಿರಿ. ಕೈಯೂರದೆ ಕುರ್ಚಿಯಿಂದ ಹತ್ತು ಸಲ ಏಳಿರಿ. ಹೊರೆ ಎತ್ತುವಾಗ ಬೆನ್ನು ಬಾಗಿಸದೆ ಮಂಡಿ ಮಡಿಸಿ, ಹೊರೆಯನ್ನು ಮೈಗೆ ಹತ್ತಿರವಾಗಿ ಹಿಡಿಯಿರಿ. ದಿನವಿಡೀ ಬಾಗಿ ಕಳೆ ಕೀಳುವುದು ಇದಕ್ಕೆ ಬದಲಾಗದು. ಸಣ್ಣ ಪೆಟ್ಟಿಗೇ ಮೂಳೆ ಮುರಿದವರು, ಬೆನ್ನು ಗೂನಾದವರು, ಹೃದ್ರೋಗವುಳ್ಳವರು ಮೊದಲು ವೈದ್ಯರನ್ನು ಕಾಣತಕ್ಕದ್ದು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕ. ಅಂಥ ನೀರನ್ನು ಬಹುಕಾಲ ಕುಡಿದರೆ ಕೀಲುಗಳು ಬಿಗಿಯುತ್ತವೆ, ಮೂಳೆ ಪೆಡಸಾಗುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಕುಡಿಯಬಾರದು. ಪರೀಕ್ಷಿಸಿದ ನೀರನ್ನೋ, ಶುದ್ಧವಾಗಿ ಸಂಗ್ರಹಿಸಿದ ಮಳೆನೀರನ್ನೋ ಬಳಸಿರಿ.

ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಸುಣ್ಣದಂಶ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಉಳಿದುದು ಹಾಲು, ಮೊಸರು, ಎಳ್ಳು, ಸೊಪ್ಪುಗಳಿಂದ ದೊರೆಯಬೇಕು. ಆದುದರಿಂದ ಕರೆದ ಹಾಲನ್ನೆಲ್ಲ ಡೇರಿಗೆ ಹಾಕದೆ, ಮನೆಯ ಹೆಂಗಸರಿಗೂ ಒಂದು ಲೋಟ ಉಳಿಸುವುದನ್ನು ಮನೆಯ ಯಜಮಾನರು ಇಂದಿನಿಂದಲೇ ರೂಢಿಗೆ ತರಬೇಕು.