ಮೇಲ್ದವಡೆಯ ಸೂಜಿ: ಕಣ್ಣಿನ ಭಯ, ಅಂಗುಳಿನ ನೋವು

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬ ಮಾತು ನಮ್ಮ ಹಳ್ಳಿ, ಪಟ್ಟಣಗಳೆರಡರಲ್ಲೂ ಇನ್ನೂ ಜೀವಂತವಾಗಿದೆ. ಈ ಭಯದಿಂದ ಗುಳಿಗೆ ನುಂಗುತ್ತ ದಿನ ದೂಡಿದವರು ಕೊನೆಗೆ ಕೆನ್ನೆ ಊದಿಸಿಕೊಂಡು ಬರುತ್ತಾರೆ. ಆ ಹೊತ್ತಿಗೆ ಬೇರೊಂದು ತೊಡಕು ಕಾದಿರುತ್ತದೆ. ಕೀವುಗಟ್ಟಿದ ಜಾಗ ಆಮ್ಲೀಯವಾಗಿರುವುದರಿಂದ ಅರಿವಳಿಕೆ ಮದ್ದು ನರದೊಳಗೆ ಸರಿಯಾಗಿ ಹೊಗದು. ಸೂಜಿಗೆ ಹೆದರಿ ತಡಮಾಡಿದವರಿಗೇ ಹೆಚ್ಚು ಸೂಜಿ ಬೇಕಾಗುತ್ತದೆ.

ತೆಳು ಮೂಳೆಯ ಅನುಕೂಲ

ಜೋಮು ಹಿಡಿಸಲು ಸುಲಭವಾದದ್ದು ವಾಸ್ತವದಲ್ಲಿ ಮೇಲ್ದವಡೆಯೇ. ಅದರ ಹೊರಗೋಡೆ ತೆಳು, ಸೂಕ್ಷ್ಮ ರಂಧ್ರಗಳುಳ್ಳದ್ದು. ಕೆನ್ನೆಯನ್ನು ಎಳೆದು ಹಿಡಿದಾಗ ಅದು ವಸಡಿಗೆ ಕೂಡುವಲ್ಲಿ ಕಾಣುವ ಮಡಿಕೆಯಲ್ಲಿ, ಬೇರಿನ ತುದಿಯ ನೇರಕ್ಕೆ ಮದ್ದು ಬಿಟ್ಟರೆ ಅದು ಮೂಳೆಯ ಮೂಲಕ ಇಂಗಿ ಮೂರರಿಂದ ಐದು ನಿಮಿಷದಲ್ಲಿ ಹಲ್ಲಿನ ನರವನ್ನು ತಲುಪುತ್ತದೆ. ಕೆಳದವಡೆಯ ಮೂಳೆ ಗಟ್ಟಿ. ಅಲ್ಲಿ ನರ ಮೂಳೆಯೊಳಗೆ ಹೊಗುವ ಮೊದಲೇ, ಬಾಯಿಯ ಹಿಂಭಾಗದಲ್ಲಿ ಅದನ್ನು ತಡೆಯಬೇಕು. 1884ರಲ್ಲಿ ಕೊಕೇನ್‌ನಿಂದ ಆರಂಭವಾದ ಈ ವಿದ್ಯೆ ಪ್ರೊಕೇನ್ ದಾಟಿ 1940ರ ದಶಕದಲ್ಲಿ ಲಿಗ್ನೊಕೇನ್‌ಗೆ ಬಂದು ನಿಂತಿತು. ನಮ್ಮ ಕ್ಲಿನಿಕ್‌ಗಳಲ್ಲಿ ಇಂದಿಗೂ ಸಾಮಾನ್ಯವಾಗಿ ಕಾಣುವುದು ಶೇ 2ರ ಲಿಗ್ನೊಕೇನ್, ಜೊತೆಗೆ ತುಸು ಅಡ್ರಿನಲಿನ್. ಅಡ್ರಿನಲಿನ್ ರಕ್ತನಾಳಗಳನ್ನು ಕುಗ್ಗಿಸಿ ಮದ್ದನ್ನು ಅಲ್ಲೇ ಹಿಡಿದಿಡುತ್ತದೆ. ಇಂಜೆಕ್ಷನ್ ಆದೊಡನೆ ಎದೆ ಢವಗುಟ್ಟಿದರೆ ಕಾರಣ ಹೆದರಿಕೆಯೊಂದೇ ಅಲ್ಲ, ಇದೂ ಇರಬಹುದು.

ಕಣ್ಣಿನ ಪ್ರಶ್ನೆ

ದೃಷ್ಟಿಯ ನರ ಬೇರೆ, ಹಲ್ಲಿನ ನರ ಬೇರೆ. ಮೆದುಳಿನ 12 ಜೋಡಿ ನರಗಳಲ್ಲಿ ಎರಡನೆಯದು ದೃಷ್ಟಿಯದು. ಮೇಲಿನ ಹಲ್ಲುಗಳದು ಐದನೆಯದರ ಒಂದು ಕವಲು. ಆದರೂ ಜನರ ಭಯವನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸಲ್ಲದು. ಆ ಕವಲು ಕಣ್ಣುಗುಳಿಯ ತಳದಲ್ಲೇ ಹಾಯ್ದು ಕೆನ್ನೆಗೆ ಹೊರಬೀಳುತ್ತದೆ. ಅಲ್ಲಿ ತಡೆದರೆ ಮೇಲ್ದುಟಿ, ಮೂಗಿನ ಪಕ್ಕದ ಜೊತೆಗೆ ಕೆಳರೆಪ್ಪೆಯೂ ಮರಗಟ್ಟುತ್ತದೆ. ಹಿಂದಿನ ದವಡೆಹಲ್ಲುಗಳಿಗಾಗಿ ಆಳಕ್ಕೆ ಚುಚ್ಚುವಾಗ ರಕ್ತನಾಳಗಳ ಜಾಲಕ್ಕೆ ಸೂಜಿ ತಾಗಿ ಕೆನ್ನೆ ದಿಢೀರನೆ ಊದಬಹುದು. ಸಿರಿಂಜಿನ ದಂಡವನ್ನು ಹಿಂದಕ್ಕೆಳೆದು ರಕ್ತ ಬರುತ್ತದೆಯೇ ಎಂದು ನೋಡುವುದು ಮದ್ದು ನೇರ ರಕ್ತನಾಳದೊಳಗೆ ಹೋಗದಿರಲೆಂದು. ತೀರಾ ಅಪರೂಪಕ್ಕೆ ಮದ್ದು ಕಣ್ಣುಗುಳಿಗೆ ಹರಡಿ, ಒಂದು ವಸ್ತು ಎರಡಾಗಿ ಕಾಣುವುದೂ ಉಂಟು. ಸಾಮಾನ್ಯವಾಗಿ ಮದ್ದು ಇಳಿದಂತೆ ಅದೂ ಇಳಿಯುತ್ತದೆ. ಆದರೆ ಮೊದಲೇ ಹೇಳಿರದಿದ್ದರೆ ಆ ಕೆಲವು ಗಂಟೆಗಳು ರೋಗಿಗೆ ಸಣ್ಣವಲ್ಲ.

ಅಂಗುಳಿನ ಇಕ್ಕಟ್ಟು

ಹುಳುಕು ತುಂಬಿಸುವುದಾದರೆ ಕೆನ್ನೆಯ ಬದಿಯ ಮದ್ದೇ ಬಹುಮಟ್ಟಿಗೆ ಸಾಕು. ಕೀಳುವುದಾದರೆ ಒಳಬದಿಯೂ ಮರಗಟ್ಟಬೇಕು. ತೊಡಕು ಶುರುವಾಗುವುದು ಇಲ್ಲೇ. ಅಂಗುಳಿನ ಪೊರೆ ಮೂಳೆಗೆ ಬಿಗಿಯಾಗಿ ಅಂಟಿಕೊಂಡಿದೆ. ಅರ್ಧ ಮಿಲಿಲೀಟರಿಗಿಂತ ಕಡಿಮೆ ಮದ್ದು ಸಾಕಾದರೂ ಅಷ್ಟಕ್ಕೂ ಅಲ್ಲಿ ಎಡೆಯಿಲ್ಲ. ನೋವು ಸೂಜಿಯ ಮೊನೆಗಿಂತ ಈ ಒತ್ತಡದ್ದು. ಬಾಚಿಹಲ್ಲುಗಳ ಹಿಂದಿನ ಪುಟ್ಟ ಉಬ್ಬಿನ ಬಳಿ ಚುಚ್ಚಿಸಿಕೊಂಡವರ ಕಣ್ಣಲ್ಲಿ ನೀರಾಡದಿದ್ದರೆ ಅದೇ ಹೆಚ್ಚು. ಪಳಗಿದ ವೈದ್ಯರು ಹತ್ತಿ ಸುತ್ತಿದ ಕಡ್ಡಿಯಿಂದ ಆ ಜಾಗವನ್ನು ಬಿಳಿಚಿಕೊಳ್ಳುವವರೆಗೆ ಒತ್ತಿಹಿಡಿದು, ಒತ್ತಡ ಬಿಡದೆ, ಅದರ ಪಕ್ಕದಲ್ಲೇ ಸೂಜಿ ಇಳಿಸಿ ಹನಿಹನಿಯಾಗಿ ಮದ್ದು ಬಿಡುತ್ತಾರೆ.

ಈ ಸೂಜಿಯನ್ನೇ ಬಿಡಬಹುದೇ ಎಂಬುದು ಈಗಿನ ಚರ್ಚೆ. 1970ರ ದಶಕದಲ್ಲಿ ಯುರೋಪಿನಲ್ಲಿ ಬಳಕೆಗೆ ಬಂದ ಆರ್ಟಿಕೇನ್ ಮೂಳೆಯಲ್ಲಿ ಚೆನ್ನಾಗಿ ಹರಡುತ್ತದೆ. ಅದನ್ನು ಕೆನ್ನೆಯ ಬದಿಗಷ್ಟೇ ಕೊಟ್ಟು ಹಲ್ಲು ಕಿತ್ತ ಹಲವು ಪ್ರಯೋಗಗಳು ಭರವಸೆ ಮೂಡಿಸಿವೆ. ಆದರೆ ಅದಕ್ಕೆ ಲಿಗ್ನೊಕೇನ್‌ಗಿಂತ ಬೆಲೆ ಹೆಚ್ಚು, 4 ವರ್ಷದೊಳಗಿನ ಮಕ್ಕಳಿಗೆ ಶಿಫಾರಸು ಇಲ್ಲ. ದವಡೆಹಲ್ಲಿನ ಒಳಬದಿಯ ಬೇರು ದೂರದಲ್ಲಿರುವುದರಿಂದ ಎಲ್ಲರಲ್ಲೂ ಮದ್ದು ಅಲ್ಲಿಗೆ ಮುಟ್ಟೀತೆಂಬ ಖಾತರಿಯೂ ಇಲ್ಲ. ಅಂಗುಳಿನ ಸೂಜಿಯನ್ನು ಯಾಂತ್ರಿಕವಾಗಿ ಎಲ್ಲರಿಗೂ ಚುಚ್ಚುವುದು ಹೇಗೆ ಸರಿಯಲ್ಲವೋ, ಹೊಸ ಮದ್ದನ್ನು ನಂಬಿ ಪರೀಕ್ಷಿಸದೆ ಇಕ್ಕಳ ಹಿಡಿಯುವುದೂ ಹಾಗೆಯೇ. ಸಾಲು ಉದ್ದವಿರುವ ಸರ್ಕಾರಿ ಆಸ್ಪತ್ರೆಯಲ್ಲಿ ಐದು ನಿಮಿಷ ಕಾಯುವುದು ದುಬಾರಿ ಎನಿಸಬಹುದು. ಆ ಕಾಯುವಿಕೆಯ ಬಳಿಕ ಒಳಬದಿಯ ವಸಡನ್ನು ಮೊನೆಯಿಂದ ಒತ್ತಿ ನೋಡಿದಾಗ ಕುರ್ಚಿಯಲ್ಲಿದ್ದವರು ‘ಇನ್ನೂ ಚುರುಕ್ ಅಂತಿದೆ ಡಾಕ್ಟ್ರೇ’ ಎಂದರೆ, ಆಗ ಅಂಗುಳಿಗೆ ಚುಚ್ಚಿದರಾಯಿತು.