ಹೊಸ ಗಾಳಿ ಬಂದೂಕು ಪಳಗುವ ಬಗೆ

ಕಳೆದ ಬೇಸಗೆಯ ಒಂದು ಸಂಜೆ ಬಂಗಾರಪೇಟೆಯ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಗೋಣಿತಾಟಿನಲ್ಲಿ ಸುತ್ತಿದ ಹೊಸ ಗಾಳಿ ಬಂದೂಕೊಂದನ್ನು ಹೊತ್ತುಕೊಂಡು ನಮ್ಮ ಮನೆಗೆ ಬಂದನು. ಎರಡು ವರ್ಷ ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಸಿದ ಹಣವನ್ನೆಲ್ಲ ಅದಕ್ಕೆ ಸುರಿದಿದ್ದನು. ಜಾತ್ರೆಯ ಬಲೂನು ಅಂಗಡಿಗಳಲ್ಲಿ ಅವನ ಗುರಿ ಹೆಸರಾದದ್ದು. ಇನ್ನು ಕಾಗದದ ಗುರಿಹಲಗೆಯ ಮುಂದೆ ನಿಂತು ಸ್ಪರ್ಧೆಗಳಿಗೆ ಸಿದ್ಧನಾಗಬೇಕೆಂಬುದು ಅವನ ಹಂಬಲ. ಆದರೆ ಹೊಸ ಬಂದೂಕು ಮೊದಲ ದಿನವೇ ಹೊಗೆ ಕಾರಿತ್ತು, ಸುಟ್ಟ ಎಣ್ಣೆಯ ವಾಸನೆ ಹರಡಿತ್ತು, ನಡುನಡುವೆ ಪಟಾಕಿಯಂತೆ ಸಿಡಿದಿತ್ತು. ಹತ್ತು ಮೀಟರು ದೂರದ ಕಾಗದದ ಮೇಲೆ ಗುಂಡುಗಳು ಅಂಗೈ ಅಗಲಕ್ಕೆ ಚೆದರಿದ್ದವು. “ಮೋಸ ಹೋದೆ, ಸಾರ್. ಬಿಚ್ಚಿ ನೋಡಲೋ, ಬಂದಷ್ಟಕ್ಕೆ ಮಾರಿಬಿಡಲೋ?” ಎಂದು ಕೇಳಿದನು. ಎರಡೂ ಬೇಡವೆಂದೆವು. ಅದೇಕೆಂಬುದನ್ನು ಇಲ್ಲಿ ವಿವರಿಸಬೇಕಾಗಿದೆ.

ಗಾಳಿ ಬಂದೂಕೆಂದರೆ ಅದರೊಳಗೆ ಗಾಳಿಯನ್ನು ಮೊದಲೇ ತುಂಬಿಟ್ಟಿರುತ್ತದೆಂದು ಹಲವರು ಭಾವಿಸುತ್ತಾರೆ. ಕೆಲವು ಬಗೆಗಳಲ್ಲಿ ಅದು ನಿಜ. ಸ್ಪ್ರಿಂಗಿನ ಬಂದೂಕಿನಲ್ಲಾದರೋ ನಳಿಗೆಯನ್ನು ಬಗ್ಗಿಸಿದಾಗ ಕೂಡಿಡುವುದು ಗಾಳಿಯನ್ನಲ್ಲ, ನಮ್ಮ ತೋಳಿನ ಶಕ್ತಿಯನ್ನು. ದಪ್ಪನೆಯ ಉಕ್ಕಿನ ಸ್ಪ್ರಿಂಗು ಕುಗ್ಗಿ, ಪಿಸ್ಟನ್ನು ಹಿಂದಕ್ಕೆ ಸರಿದು, ಒಂದು ಕೊಂಡಿಗೆ ಸಿಕ್ಕಿ ನಿಲ್ಲುತ್ತದೆ. ಟ್ರಿಗರನ್ನು ಎಳೆದೊಡನೆ ಕೊಂಡಿ ಬಿಟ್ಟು ಪಿಸ್ಟನ್ನು ಮುಂದಕ್ಕೆ ಧಾವಿಸುತ್ತದೆ. ಸಿಲಿಂಡರಿನಲ್ಲಿದ್ದ ಸಾಮಾನ್ಯ ಗಾಳಿಯು ಆಗ, ಆ ಕ್ಷಣದಲ್ಲಿಯೇ, ಅದುಮಿಸಿಕೊಂಡು ಸೀಸದ ಗುಂಡನ್ನು ದೂಡುತ್ತದೆ. ಇದೆಲ್ಲವೂ ಒಂದು ಸೆಕೆಂಡಿನ ನೂರನೆಯ ಒಂದು ಭಾಗದ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ.

ಗಾಳಿಯನ್ನು ಅದುಮಿದರೆ ಬಿಸಿಯಾಗುವುದೆಂಬುದು ಸೈಕಲ್ ಪಂಪು ಹಿಡಿದವರೆಲ್ಲರ ಅನುಭವ. ಕೋಲಾರದ ಚಿನ್ನದ ಗಣಿಯ ಸೀಮೆಯಲ್ಲಿ ಈ ಮಾತನ್ನು ಹೊಸದಾಗಿ ಹೇಳಬೇಕಾದುದಿಲ್ಲ. 2001ರಲ್ಲಿ ಗಣಿಗಳು ಮುಚ್ಚುವವರೆಗೂ ಅಲ್ಲಿ ಬಂಡೆ ಕೊರೆಯುವ ಯಂತ್ರಗಳು ಅದುಮಿದ ಗಾಳಿಯಿಂದಲೇ ನಡೆಯುತ್ತಿದ್ದವು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕೆ ಇಳಿದಿತ್ತು. ಅಷ್ಟು ಆಳಕ್ಕೆ ಇಳಿಯುವ ಒಣಗಾಳಿಯು ಬಂಡೆಯ ಕಾವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಮೇಲಿನ ಗಾಳಿಯ ಭಾರಕ್ಕೆ ಅದುಮಿಸಿಕೊಂಡೇ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ಬಿಸಿಯಾಗುತ್ತದೆ. ಬಂದೂಕಿನಲ್ಲಿ ನಡೆಯುವುದೂ ಇದೇ, ಆದರೆ ಅತಿ ತೀವ್ರವಾಗಿ; ಉಷ್ಣವು ಹೊರಗೆ ಸೋರಿಹೋಗಲು ಅಲ್ಲಿ ಸಮಯವೇ ಇಲ್ಲ. 27 ಡಿಗ್ರಿಯ ಗಾಳಿಯನ್ನು ಇಪ್ಪತ್ತರಲ್ಲಿ ಒಂದಂಶದಷ್ಟು ಜಾಗಕ್ಕೆ ಹೀಗೆ ಅದುಮಿದರೆ, ಲೆಕ್ಕದ ಪ್ರಕಾರ ಒತ್ತಡವು 66 ಪಟ್ಟಾಗಿ, ಉಷ್ಣತೆಯು 720 ಡಿಗ್ರಿಗೆ ಏರಬೇಕು. ಗೋಡೆಗಳು ಸ್ವಲ್ಪ ಉಷ್ಣವನ್ನು ಹೀರುವುದರಿಂದ ವಾಸ್ತವವು ಇದಕ್ಕಿಂತ ಕಡಮೆ. ಆದರೂ ಎಣ್ಣೆ ಹೊತ್ತಿಕೊಳ್ಳಲು ಧಾರಾಳವಾಗಿ ಸಾಕು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲದೆ ಎಣ್ಣೆ ಉರಿಯುವುದು ಇದೇ ತತ್ತ್ವದಿಂದ.

ಹೊಗೆಯ ಗುಟ್ಟು ಈಗ ಹೊರಬಿತ್ತು. ಕಾರ್ಖಾನೆಯವರು ತುಕ್ಕು ಹಿಡಿಯದಿರಲೆಂದು ಬಳಿದ ಗ್ರೀಸು, ಕೀಲೆಣ್ಣೆಗಳಲ್ಲಿ ಮಿಗಿಲಾದ ಪಾಲು ಪಿಸ್ಟನ್ನಿನ ಮುಂದೆ ಸೇರಿ ಸುಡುತ್ತದೆ. ಒಂದು ಸಲ ಹೆಚ್ಚು ಸುಟ್ಟರೆ ಗುಂಡಿಗೆ ವೇಗ ಹೆಚ್ಚು. ಇನ್ನೊಂದು ಸಲ ಕಡಮೆ. ಹಾಗೆಂದು ಈ ದಹನವನ್ನು ಪೂರ್ತಿಯಾಗಿ ದೋಷವೆನ್ನುವಂತಿಲ್ಲ. ಬ್ರಿಟನ್ನಿನ ಕಾರ್ಡ್ಯೂ ಎಂಬಿಬ್ಬರು 1995ರ ತಮ್ಮ ಪುಸ್ತಕದಲ್ಲಿ ವಿವರಿಸಿರುವ ಪ್ರಯೋಗವೊಂದರಲ್ಲಿ ಸ್ಪ್ರಿಂಗಿನ ಬಂದೂಕನ್ನು ಆಮ್ಲಜನಕವಿಲ್ಲದ ಸಾರಜನಕದಲ್ಲಿ ಹಾರಿಸಿದಾಗ ಗುಂಡಿನ ವೇಗವು ಸುಮಾರು ಮೂರರಲ್ಲೊಂದು ಪಾಲು ಇಳಿದುಹೋಯಿತು. ಪಳಗಿದ ಬಂದೂಕಿನಲ್ಲಿಯೂ ತುಸು ಎಣ್ಣೆ ಸುಡುತ್ತಲೇ ಇರುತ್ತದೆ ಎಂದಾಯಿತು. ಬೇಕಾದುದು ಪ್ರತಿ ಸಲವೂ ಅಷ್ಟಕ್ಕಷ್ಟೇ ಸುಡುವುದು.

ಪಳಗುವುದೆಂದರೆ ಮುಖ್ಯವಾಗಿ ಇದೇ. ಕೆಲವು ನೂರು ಗುಂಡುಗಳಾಗುವ ಹೊತ್ತಿಗೆ ಹೆಚ್ಚಿನ ಎಣ್ಣೆ ಸುಟ್ಟು ತೀರುತ್ತದೆ; ಪಿಸ್ಟನ್ನಿನ ತಲೆಯ ವಾಷರು ಸಿಲಿಂಡರಿನ ಗೋಡೆಗೆ ಹೊಂದಿಕೊಳ್ಳುತ್ತದೆ; ಹೊಸ ಸ್ಪ್ರಿಂಗು ತುಸು ಕುಗ್ಗಿ ಒಂದು ಅಳತೆಗೆ ನಿಲ್ಲುತ್ತದೆ; ಟ್ರಿಗರಿನ ಕೊಂಡಿಯ ಮೈ ತಿಕ್ಕಾಟದಿಂದ ನಯವಾಗುತ್ತದೆ. ಇದನ್ನು ಅವಸರಪಡಿಸಲು ಹೋಗಿ ಮತ್ತಷ್ಟು ಎಣ್ಣೆ ಬಿಡುವವರುಂಟು. ಅದು ಉರಿಯುವ ಒಲೆಗೆ ಸೀಮೆಎಣ್ಣೆ ಸುರಿದಂತೆ. ಗುಂಡಿಲ್ಲದೆ ಬರಿದೇ ಹಾರಿಸುವುದು ಇನ್ನೂ ಕೇಡು. ತಡೆಯುವ ಗಾಳಿಯ ಮೆತ್ತೆ ಬೇಗ ಸೋರಿಹೋಗಿ ಪಿಸ್ಟನ್ನು ಸಿಲಿಂಡರಿನ ಕೊನೆಗೆ ಅಪ್ಪಳಿಸುತ್ತದೆ. ಬಂದೂಕನ್ನು ಬಿಚ್ಚುವ ಮಾತಂತೂ ಬೇಡ. ಟ್ರಿಗರು ಎಳೆದ ಮೇಲೂ ಸ್ಪ್ರಿಂಗು ಅರೆಬರೆ ಕುಗ್ಗಿಯೇ ಇರುವುದರಿಂದ, ತಕ್ಕ ಹಿಡಿತವಿಲ್ಲದೆ ತಿರುಪು ಕಳಚಿದವರ ಮುಖಕ್ಕೆ ಅದು ಚಿಮ್ಮಬಹುದು.

ವೇಗದ ಏರಿಳಿತವು ಕಾಗದದ ಮೇಲೆ ಹೇಗೆ ಕಾಣುವುದೆಂಬುದನ್ನು ಲೆಕ್ಕಹಾಕೋಣ. ಸೆಕೆಂಡಿಗೆ 180 ಮೀಟರು ವೇಗದ ಗುಂಡು ಹತ್ತು ಮೀಟರು ಸಾಗುವಷ್ಟರಲ್ಲಿ ಭೂಮಿಯ ಸೆಳೆತದಿಂದ ಸುಮಾರು 15 ಮಿಲಿಮೀಟರು ಕೆಳಗಿಳಿಯುತ್ತದೆ. ಎಣ್ಣೆ ಹೊತ್ತಿ ವೇಗವು 240 ಮೀಟರಾದರೆ ಇಳಿಯುವುದು ಎಂಟೂವರೆ ಮಿಲಿಮೀಟರು ಮಾತ್ರ. ಆರೂವರೆ ಮಿಲಿಮೀಟರಿನ ಈ ವ್ಯತ್ಯಾಸವು ಅಲ್ಪವೆಂದು ತೋರೀತು. ಆದರೆ ಅಂತರರಾಷ್ಟ್ರೀಯ ಸ್ಪರ್ಧೆಯ ಹತ್ತು ಮೀಟರಿನ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರು! ಇನ್ನೊಂದು ಸಂಗತಿ: ಭೂಮಿಯ ಸೆಳೆತವು ಗುಂಡನ್ನು ಕೆಳಕ್ಕೆ ಎಳೆಯುತ್ತದೆಯೇ ಹೊರತು ಪಕ್ಕಕ್ಕಲ್ಲ. ಆದುದರಿಂದ ವೇಗದ ದೋಷವು ಮೇಲುಕೆಳಗಾಗಿ ಹರಡಬೇಕು. ಗುಂಡುಗಳು ಎಡಬಲಕ್ಕೆ ಚೆದರಿದ್ದರೆ ಕಾರಣವನ್ನು ಬೇರೆಡೆ ಅರಸಬೇಕು. ಸಡಿಲವಾದ ತಿರುಪಿನಲ್ಲಿ, ನಳಿಗೆಯ ಕೀಲಿನಲ್ಲಿ, ಇಲ್ಲವೇ ಹಿಡಿದವನ ಕೈಯಲ್ಲಿ.

ಈ ಕೈಯ ವಿಚಾರ ನಮ್ಮನ್ನು ಬಹಳವಾಗಿ ಯೋಚನೆಗೆ ಹಚ್ಚಿತು. ಸ್ಪ್ರಿಂಗಿನ ಬಂದೂಕು ಎರಡು ಸಲ ಒದೆಯುತ್ತದೆ. ಪಿಸ್ಟನ್ನು ಮುಂದಕ್ಕೆ ಹೊರಟಾಗ ಬಂದೂಕು ಹಿಂದಕ್ಕೆ. ಪಿಸ್ಟನ್ನು ಗಾಳಿಯ ಮೆತ್ತೆಗೆ ತಾಗಿ ನಿಂತಾಗ ಬಂದೂಕು ಮುಂದಕ್ಕೆ. ಗುಂಡು ನಳಿಗೆಯಿಂದ ಹೊರಬೀಳುವ ಮೊದಲೇ ಈ ಅಲುಗಾಟ ಆರಂಭವಾಗಿರುತ್ತದೆ. ಬಿಗಿಯಾಗಿ ಹಿಡಿದವನ ಬಿಗಿ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುವುದಿಲ್ಲ. ಆದುದರಿಂದಲೇ ಬಂದೂಕನ್ನು ಮುಂಗೈಯ ಮೇಲೆ ಹಗುರಾಗಿ ಮಲಗಿಸಿ, ಅದು ತನ್ನಷ್ಟಕ್ಕೆ ಒದೆಯಲು ಬಿಡಬೇಕೆಂಬುದು ಬಲ್ಲವರ ಮಾತು. ಹೀಗಿರುವಾಗ ನೂರಾರು ಗುಂಡುಗಳಾದ ಮೇಲೆ ಗುರಿ ಸುಧಾರಿಸಿದರೆ ಪಳಗಿದ್ದು ಬಂದೂಕೋ, ಹುಡುಗನೋ?

ಇದನ್ನು ತಿಳಿಯಲು ಒಂದು ಉಪಾಯವನ್ನು ಹೂಡಿದೆವು. ಹುಡುಗನ ಸೋದರಮಾವನವರು ಗಣಿಯಲ್ಲಿ ಫಿಟ್ಟರ್ ಆಗಿದ್ದವರು. ಅವರ ಮನೆಯಲ್ಲಿ ಎಂದೋ ಪಳಗಿದ ಹಳೆಯ ಗಾಳಿ ಬಂದೂಕೊಂದಿತ್ತು. ಪ್ರತಿ ಭಾನುವಾರ ಅವರ ಹಿತ್ತಲಿನಲ್ಲಿ, ಮರಳು ಚೀಲಗಳನ್ನು ಒಟ್ಟಿದ ಗೋಡೆಯ ಮುಂದೆ, ಹಳೆಯದರಿಂದ ಹತ್ತು ಗುಂಡು, ಹೊಸದರಿಂದ ಹತ್ತು ಗುಂಡು, ಒಂದೇ ಡಬ್ಬಿಯ ಗುಂಡುಗಳನ್ನೇ ಹಾರಿಸಿ, ಕಾಗದಗಳ ಮೇಲೆ ತಾರೀಖು ಬರೆದಿಡಬೇಕೆಂದು ಗೊತ್ತುಮಾಡಿದೆವು. ಎರಡರ ಚೆದರಿಕೆಯೂ ಕುಗ್ಗಿದರೆ ಹುಡುಗನು ಕಲಿತನೆಂದೂ, ಹೊಸದರದು ಮಾತ್ರ ಕುಗ್ಗಿದರೆ ಬಂದೂಕು ಪಳಗಿತೆಂದೂ ತಿಳಿಯಬಹುದು. ಮೂರೋ ನಾಲ್ಕೋ ಗುಂಡುಗಳ ಗುಂಪನ್ನು ನೋಡಿ ಹಿಗ್ಗಬಾರದೆಂದೂ ಎಚ್ಚರಿಸಿದೆವು. ಅಷ್ಟು ಕಡಮೆ ಗುಂಡುಗಳು ಆಕಸ್ಮಿಕವಾಗಿಯೂ ಒಂದೆಡೆ ಬೀಳಬಹುದು.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಸೇರಿಸಬೇಕು. ಅರ್ಧ ಗ್ರಾಮಿನ ಗುಂಡು 200 ಮೀಟರು ವೇಗದಲ್ಲಿ ಹತ್ತು ಜೂಲ್ ಶಕ್ತಿಯನ್ನು ಹೊತ್ತಿರುತ್ತದೆ. 2016ರ ಆಯುಧ ನಿಯಮಗಳು ಇಪ್ಪತ್ತು ಜೂಲ್ ಮೀರದ, 4.5 ಮಿಲಿಮೀಟರು ನಳಿಗೆಯ ಗಾಳಿ ಬಂದೂಕಿಗೆ ಪರವಾನಗಿ ಕೇಳುವುದಿಲ್ಲವೆಂದ ಮಾತ್ರಕ್ಕೆ ಅದು ಆಟದ ಸಾಮಾನಲ್ಲ. ಕಣ್ಣೊಂದನ್ನು ಕಳೆಯಲು ಅದರ ಅರ್ಧದಷ್ಟೂ ಬೇಡ. ಸೋದರಮಾವನವರು ಹಿತ್ತಲ ಬಾಗಿಲಿಗೆ ಅಗಳಿ ಹಾಕದೆ ಒಂದು ಗುಂಡನ್ನೂ ಹಾರಿಸಗೊಡಲಿಲ್ಲ. ಗುಂಡಿಡುವಾಗ ಬಗ್ಗಿಸಿದ ನಳಿಗೆಯಿಂದ ಎಡಗೈ ತೆಗೆಯಬಾರದೆಂಬುದೂ ಅವರ ಕಟ್ಟಪ್ಪಣೆ. ಕೊಂಡಿ ಜಾರಿದರೆ ನಳಿಗೆ ಮೇಲಕ್ಕೆ ಹಾರಿ ಬೆರಳು ಮುರಿದೀತು.

ಮೊದಲ ವಾರಗಳ ಕಾಗದಗಳಲ್ಲಿ ಹೊಸ ಬಂದೂಕಿನ ಗುಂಡುಗಳು ಉದ್ದನೆಯ ಸೋರೆಕಾಯಿಯಂತೆ ಮೇಲುಕೆಳಗೆ ಹರಡಿದ್ದವು, ಹಳೆಯದರವು ಹಾಗಿರಲಿಲ್ಲ. ಹೊಗೆ ನಿಂತಂತೆಲ್ಲ ಆ ಉದ್ದ ಕುಗ್ಗುತ್ತ ಬಂದಿತು. ಇದು ಬಂದೂಕಿನ ಪಾಲು. ಆಮೇಲೆ ಒಂದು ಭಾನುವಾರ ಗುಂಡುಗಳು ಇದ್ದಕ್ಕಿದ್ದಂತೆ ಎಡಬಲಕ್ಕೆ ಹರಡಿದವು. ಹುಡುಗನು ಮತ್ತೆ ಮುಖ ಬಾಡಿಸಿಕೊಂಡನು. ಸೋದರಮಾವನವರು ಕಾಗದವನ್ನೊಮ್ಮೆ ನೋಡಿ, ಮಾತಿಲ್ಲದೆ ತಿರುಪುಳಿ ತಂದು, ಮರದ ಹಿಡಿಯ ಮುಂದಿನ ಎರಡು ತಿರುಪುಗಳನ್ನು ಅರ್ಧ ಸುತ್ತು ಬಿಗಿದರು. ಎರಡು ಸಲ ಒದೆಯುವ ಬಂದೂಕಿನಲ್ಲಿ ತಿರುಪು ಸಡಿಲದೆ ಇರುತ್ತದೆಯೇ? ಮಳೆಗಾಲದ ಕೊನೆಗೆ ಹೊಸದರ ಹತ್ತು ಗುಂಡುಗಳು ಒಂದು ನಿಂಬೆಹಣ್ಣಿನ ಅಗಲದಲ್ಲಿ ನಿಲ್ಲುತ್ತಿದ್ದವು. ಹಳೆಯದರ ಗುಂಪೂ ಅಷ್ಟಿಷ್ಟು ಕಿರಿದಾಗಿತ್ತು. ಆ ಕಾಗದಗಳನ್ನು ಒಂದರ ಪಕ್ಕದಲ್ಲೊಂದು ಹರಡಿ ತೋರಿಸಿದಾಗ ಹುಡುಗನು ಹೊಸದರ ಕಡೆಗೆ ಕಣ್ಣು ಹಾಯಿಸಲಿಲ್ಲ. ಹಳೆಯ ಬಂದೂಕಿನ ಕಾಗದಗಳನ್ನೇ ಬಹಳ ಹೊತ್ತು ನೋಡುತ್ತ ಕುಳಿತನು.