ನಿಮಗಿದು ಗೊತ್ತೆ? ಇಳಿಸುವ ಮೊದಲು ಹೆಸರು ಹೇಳಬೇಕು

ಜರ್ಮನಿಯ ಸಂಸತ್ತು ಬರೀ ಅವಿಶ್ವಾಸ ಸೂಚಿಸಿ ಸರ್ಕಾರದ ಮುಖ್ಯಸ್ಥರಾದ ಚಾನ್ಸಲರ್ ಅವರನ್ನು ಇಳಿಸುವಂತಿಲ್ಲ. ಅವರ ಜಾಗಕ್ಕೆ ಯಾರು ಎಂಬುದನ್ನೂ ಅದೇ ನಿರ್ಣಯದಲ್ಲಿ ಹೇಳಿ, ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮತ ಗಳಿಸಬೇಕು. ನಿರ್ಣಯ ಮಂಡಿಸಿದ ಮೇಲೆ ಮತದಾನಕ್ಕೆ 48 ಗಂಟೆ ಕಾಯಲೇಬೇಕು. ಇದು 1949ರ ಸಂವಿಧಾನದ 67ನೇ ವಿಧಿ.

ಇದರ ಹಿಂದೆ ಕಹಿ ಅನುಭವವಿದೆ. ಹಿಟ್ಲರ್‌ಗೆ ಮುಂಚಿನ ವೈಮಾರ್ ಗಣರಾಜ್ಯದಲ್ಲಿ ಪರಸ್ಪರ ಆಗದ ಪಕ್ಷಗಳು ಸರ್ಕಾರ ಬೀಳಿಸಲು ಒಂದಾಗುತ್ತಿದ್ದವು, ಹೊಸದನ್ನು ಕಟ್ಟಲು ಒಂದಾಗುತ್ತಿರಲಿಲ್ಲ. ವಿರೋಧಿಸುವವರ ಮೇಲೂ ಹೊಣೆ ಹೊರಿಸುವ ಈ ನಿಯಮ ನಿಜಕ್ಕೂ ವಿವೇಕದ್ದು.

1972ರಲ್ಲಿ ಚಾನ್ಸಲರ್ ವಿಲಿ ಬ್ರಾಂಟ್ ವಿರುದ್ಧದ ಇಂಥ ನಿರ್ಣಯ ಎರಡು ಮತಗಳ ಕೊರತೆಯಿಂದ ಸೋತಿತು. 1982ರ ಅಕ್ಟೋಬರ್ 1ರಂದು ಮಾತ್ರ ಇಂಥ ನಿರ್ಣಯ ಗೆದ್ದಿತು: ಹೆಲ್ಮುಟ್ ಶ್ಮಿಟ್ ಇಳಿದರು, ಅದೇ ದಿನ ಹೆಲ್ಮುಟ್ ಕೋಲ್ ಅಧಿಕಾರಕ್ಕೆ ಬಂದರು. ಸ್ಪೇನ್ 1978ರ ತನ್ನ ಸಂವಿಧಾನದಲ್ಲಿ ಇಂಥದೇ ನಿಯಮ ಸೇರಿಸಿಕೊಂಡಿತು. 2018ರಲ್ಲಿ ಪೆಡ್ರೊ ಸಾಂಚೆಸ್ ಪ್ರಧಾನಿಯಾದದ್ದು ಅದರಿಂದಲೇ.

ಭಾರತದಲ್ಲಿ ಈ ಷರತ್ತಿಲ್ಲ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಒಂದೇ ಮತದಿಂದ ವಿಶ್ವಾಸಮತದಲ್ಲಿ ಸೋತಿತು. ಬದಲಿ ಸರ್ಕಾರ ರಚಿಸಲು ಯಾರಿಗೂ ಆಗದೆ ದೇಶ ಮತ್ತೆ ಚುನಾವಣೆಗೆ ಹೋಯಿತು.